ಕೈಗೆ ತಾನಾಗಿ ಬರುವ ಅಣಬೆಗಳು

ಆಗಸ್ಟ್ 28, ಬುಧವಾರ

ಪುಟ್ಟಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮೆ ಇರಲಿ. ಫೋನ್ ಮಾಡಬಾರದೇ ಎಂದು ಕೇಳಿದ್ದೀಯ. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನೀನು ಅಡುಗೆ ಮಾಡುವ ಹಾಸ್ಟೆಲ್ಲಿನ ಪಾತ್ರೆಗಳ ಸದ್ದು. ಅದೂ ಅಲ್ಲದೆ, ಕಾಲೇಜು ಲೈಬ್ರರಿಯಲ್ಲಿ ಜೀವನಪೂರ್ತಿ ಹರಿದ ಪುಸ್ತಕಗಳಿಗೆ ಬೈಂಡ್ ಹಾಕಿದವನು ನಾನು. ಕಾಗದ ಕೈಗೆ ಬಂದರೇ ನನ್ನ ಮಾತು ಹೊರಡುವುದು. ನಿನ್ನ ಅಕ್ಕ ಇದ್ದಿದ್ದರೆ, ಕಾಗದ ಇಲ್ಲದಿದ್ದರೂ ಹೊರಡುತ್ತದೆ ಅನ್ನುತ್ತಿದ್ದಳು.

ಎಲೆಕೋಸಿನ ಪಲ್ಯ ನೀನು ಬರೆದ ಹಾಗೆಯೇ ಮಾಡಿದೆ. ನೂರಿಪ್ಪತ್ತು ಹುಡುಗಿಯರ ಅಳತೆಯನ್ನು ಒಬ್ಬ ಮುದುಕನಿಗೆ ಇಳಿಸುವಾಗ ಉಪ್ಪಿನಲ್ಲಿ ಭಾಗಾಕಾರ ತಪ್ಪಿತು. ಎರಡನೇ ಸಲ ಸರಿಹೋಯಿತು. ಪ್ರಾಕ್ಟಿಸ್ ಮೇಕ್ಸ್ ಮ್ಯಾನ್ ಅಂತ ಏನೋ ಇದೆಯಲ್ಲ, ಹಾಗೆ. ಸಣ್ಣಗೆ ಹೆಚ್ಚಿದೆ, ಈರುಳ್ಳಿ ಬಾಡಿಸಿದೆ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟೆ, ಕೊನೆಗೆ ಕಾಳುಮೆಣಸು ಉದುರಿಸಿದೆ. ಎಲ್ಲ ಆಯಿತು, ಆದರೆ ನಿನ್ನ ಅಕ್ಕನ ಎಲೆಕೋಸು ಆಗಲಿಲ್ಲ. ಅವಳ ಎಲೆಕೋಸಿನಲ್ಲಿ, ಹುರುಳಿಕಾಯಿಯಲ್ಲಿ, ಬರೀ ಬೇಯಿಸಿದ ಆಲೂಗಡ್ಡೆಯಲ್ಲೂ ತಳದಲ್ಲೊಂದು ರುಚಿ ಇರುತ್ತಿತ್ತು. ಅದೇನು ಎಂದು ಕೇಳಿದರೆ "ಅದು ನಿಮ್ಮ ಹಸಿವಿನ ರುಚಿ ಕಣ್ರೀ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಈ ಎಂಟು ತಿಂಗಳೂ ಹಸಿವಿದೆ, ರುಚಿ ಇಲ್ಲ.

ಹೇಳುವುದು ಮರೆತೆ. ಒಲೆಯ ಮೇಲಿನ ಗೂಡಿನಲ್ಲಿ, ಹಿಟ್ಟಿನ ಡಬ್ಬಿಗಳ ಹಿಂದೆ, ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ತಳದಲ್ಲಿ ನಾಲ್ಕೈದು ಚಮಚ ಕಂದು ಪುಡಿ. ಮೂಸಿ ನೋಡಿದೆ. ಗೊತ್ತಿರುವ ವಾಸನೆಯೇ, ಹೆಸರು ಮಾತ್ರ ಬರಲಿಲ್ಲ. ನನ್ನ ಮೂಗು ಗೋಂದಿನ ವಾಸನೆಗೆ ಸತ್ತು ಎಷ್ಟೋ ವರ್ಷವಾಯಿತು. ಅದೇನೆಂದು ನಿನಗೆ ಗೊತ್ತಿದ್ದರೆ ಬರೆ.

ಇನ್ನು ಮೇನ್ ಪಾಯಿಂಟ್. ಅಣಬೆ ಸೀಸನ್ ಹತ್ತಿರ ಬಂತು. ಸೆಪ್ಟೆಂಬರಿನ ಮೂರನೇ ಭಾನುವಾರ ನಾವಿಬ್ಬರೂ ಹೋಗುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಹಿಂದಿನ ಸಂಜೆ ನಿನ್ನ ಅಕ್ಕ ಒಬ್ಬಳೇ ಹೋಗಿ "ಕಾಡಿನ ಮುಖ ನೋಡ್ಕೊಂಡು" ಬರುತ್ತಿದ್ದಳು. ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ, ಬಿದ್ದ ಕಲ್ಲುಗೋಡೆಯ ಪಕ್ಕ ಓರೆಯಾಗಿ ಬೆಳೆದ ಆ ಮರದ ಬುಡದಲ್ಲಿ ನಿಲ್ಲಿಸಿ "ಈಗ ನಿಮ್ಮ ಕೈ ತೋರ್ಸಿ" ಅನ್ನುತ್ತಿದ್ದಳು. ನಾನು ಎಲೆ ಸರಿಸಿದರೆ ಹಳದಿ ಅಣಬೆ. ಚಾಕು ಬೇಡ, ಎಳೆಯುವುದೂ ಬೇಡ, ಮುಟ್ಟಿದರೆ ಸಾಕು, ಕೈಗೆ ತಾನಾಗಿ ಬರುತ್ತಿತ್ತು. "ನಿಮ್ಮ ಕೈಗುಣ, ನಮ್ಮಮ್ಮನಿಗೂ ಇರ್ಲಿಲ್ಲ" ಅನ್ನುತ್ತಿದ್ದಳು. ಮೂವತ್ತು ವರ್ಷ ಒಂದೇ ಜಾಗ. ಅದು ನಮ್ಮಿಬ್ಬರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ. ಒಂದು ಗುಟ್ಟನ್ನು ಮೂವತ್ತು ವರ್ಷ ಹಂಚಿಕೊಂಡ ಗಂಡಹೆಂಡಿರು ಎಷ್ಟು ಜನ ಇದ್ದಾರೆ, ನೀನೇ ಹೇಳು.

ಈ ಸಲ ಒಬ್ಬನೇ ಹೋಗುತ್ತೇನೆ. ಅವಳಿಗಾಗಿ ನಾನು ಮಾಡಬಹುದಾದದ್ದು ಇದೊಂದೇ ಉಳಿದಿರುವುದು.

ಆಶೀರ್ವಾದಗಳೊಂದಿಗೆ,
ನಿನ್ನ ಭಾವ

ಪಿ.ಎಸ್.: ಕನ್ನಡಕ ನಿನ್ನನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ. ಕನ್ನಡಕದಂಗಡಿಯ ನನ್ನ ಗೆಳೆಯ, ನೆನಪಿರಬೇಕು. ಇಬ್ಬರಿಗೂ ಕೂದಲು ಕಪ್ಪಗಿದ್ದಾಗಿನಿಂದ ಹೋಗೋ ಬಾರೋ ಸ್ನೇಹ. ಹೊಸ ಕನ್ನಡಕ ಹಾಕಿಕೊಟ್ಟಿದ್ದಾನೆ, ಇರುವೆಯ ಮೀಸೆಯೂ ಕಾಣುತ್ತದೆ.


ಸೆಪ್ಟೆಂಬರ್ 4

ಭಾವನವರಿಗೆ,

ಹಾಸ್ಟೆಲ್ ತೆರೆದು ವಾರವಾಯಿತು. ಉಸಿರಾಡಲು ಪುರುಸೊತ್ತಿಲ್ಲ, ಅದಕ್ಕೇ ಚಿಕ್ಕ ಕಾಗದ.

ಹುರುಳಿಕಾಯಿ ಮಾಡಿ ನೋಡಿ. ತುದಿ ಮುರಿದು ಬೆರಳುದ್ದ ಕತ್ತರಿಸಿ. ಉಪ್ಪು ನೀರಿನಲ್ಲಿ ಬೇಯಿಸಿ, ಹಸಿರು ಮಾಸುವ ಮೊದಲೇ ಬಸಿದುಬಿಡಿ. ಬಾಣಲೆಯಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಕಾಯಿ. ಎರಡು ನಿಮಿಷ ಸಾಕು. ರುಚಿ ಬರಲಿಲ್ಲ ಎಂದು ಕೊರಗಬೇಡಿ, ಕೈ ಕುದುರಲು ಸಮಯ ಬೇಕು.

ಆ ಡಬ್ಬಿಯಲ್ಲಿರುವುದು ಹಳೇ ಮಸಾಲೆ ಪುಡಿ ಇರಬೇಕು, ಹುಳ ಬಿದ್ದಿರುತ್ತದೆ. ಚೆಲ್ಲಿ, ಡಬ್ಬಿಯನ್ನು ಸೋಪು ಹಾಕಿ ತೊಳೆದಿಡಿ.

ಅಣಬೆಗೆ ಈ ವರ್ಷ ಹೋಗದಿದ್ದರೇ ಒಳ್ಳೆಯದು. ಎಲೆ ಒದ್ದೆಯಾಗಿ ಜಾರುತ್ತದೆ, ನಿಮ್ಮ ಮಂಡಿ ಬೇರೆ ಹಾಗಿದೆ. ಮಳೆಯೂ ಅಷ್ಟಕ್ಕಷ್ಟೆ, ಸಿಗುವುದು ಅನುಮಾನ. ಅಕ್ಕ ಇದ್ದಿದ್ದರೂ ಬೇಡ ಅನ್ನುತ್ತಿದ್ದಳು.

ಕನ್ನಡಕದವರಿಗೆ ನನ್ನ ನಮಸ್ಕಾರ ತಿಳಿಸಿ.

ಪುಟ್ಟಿ


ಸೆಪ್ಟೆಂಬರ್ 17, ಮಂಗಳವಾರ

ಪುಟ್ಟಿಗೆ,

ಡಬ್ಬಿ ತೊಳೆದೆ. ಒಂದು ಸಲಕ್ಕೆ ವಾಸನೆ ಹೋಗಲಿಲ್ಲ, ಎರಡನೇ ಸಲ ಬಿಸಿನೀರು ಹಾಕಿ ಉಜ್ಜಿದೆ. ಈಗ ಅದರಲ್ಲಿ ಅಂಗಿಯ ಗುಂಡಿಗಳನ್ನು ಹಾಕಿಟ್ಟಿದ್ದೇನೆ. ಹುರುಳಿಕಾಯಿ ಪರವಾಗಿಲ್ಲ, ಸೋ ಸೋ.

ನಿನ್ನ ಮಾತು ಮೀರಿ ಭಾನುವಾರ ಹೋದೆ. ನಿನ್ನ ಅಕ್ಕನ ಬುಟ್ಟಿ ಹಿಡಿದುಕೊಂಡೇ ಹೋದೆ. ಕೊನೆಯ ಸ್ಟಾಪಿನಲ್ಲಿ ಇಳಿದು, ಮರದ ಮಿಲ್ಲಿನ ಹಿಂದಿನಿಂದ ಅರ್ಧ ಗಂಟೆಯ ದಾರಿ. ಜಾರಲಿಲ್ಲ. ಆ ಮರದ ಬುಡದಲ್ಲಿ ಕುಳಿತು, ಬರಿಗೈಯಲ್ಲಿ ಒಂದೊಂದೇ ಎಲೆ ಸರಿಸಿದೆ. ಒಂದೂ ಇಲ್ಲ ಪುಟ್ಟಿ. ಬೇರಿನ ಸುತ್ತ ಹುಡುಕಿದೆ, ಗೋಡೆಯುದ್ದಕ್ಕೂ ಹುಡುಕಿದೆ. ಬಂದು ಹೋದ ಗುರುತೂ ಇಲ್ಲ.

ಮಳೆ ಇಲ್ಲ ಎಂದು ನೀನು ಬರೆದಿದ್ದೆ. ಆದರೆ ಸೋಮವಾರ ಮಾರ್ಕೆಟ್ಟಿನಲ್ಲಿ ಅದೇ ಹಳದಿ ಅಣಬೆಯ ಗುಡ್ಡೆ ನೋಡಿದೆ. ಹಾಗಾದರೆ ಕಾಡಿನಲ್ಲಿ ಇದೆ, ನನ್ನ ಜಾಗದಲ್ಲಿ ಮಾತ್ರ ಇಲ್ಲ. ಅದರರ್ಥ ಇಷ್ಟೆ. ನನಗಿಂತ ಮೊದಲು ಯಾರೋ ಬಂದಿದ್ದಾರೆ.

ಯಾರು ಎಂದು ಎರಡು ದಿನ ಯೋಚಿಸಿದೆ. ನಾನು ಬಾಯಿ ಸಡಿಲ ಬಿಡುವವನಲ್ಲ. ಒಂದೇ ಒಂದು ಸಲ, ಅದೂ ಬಹಳ ವರ್ಷದ ಹಿಂದೆ, ಲೈಬ್ರರಿಯ ಟೀ ಬಿಡುವಿನಲ್ಲಿ ಮಾತಿಗೆ ಮಾತು ಬಂದು ದಿಕ್ಕು ಹೇಳಿದ್ದೆ, ದಾರಿ ಹೇಳಿರಲಿಲ್ಲ. ಅದರಿಂದ ಏನೂ ಆಗಲಿಲ್ಲ, ಮರುವರ್ಷವೂ ನನಗೆ ಸಿಕ್ಕಿತ್ತು. ಇನ್ನುಳಿದವನು ಒಬ್ಬನೇ. ಹೋದ ವಾರ ಪಾರ್ಕಿನ ಬೆಂಚಿನಲ್ಲಿ ಕನ್ನಡಕ ಕೇಳಿದ, "ಈ ಸಲ ಯಾವಾಗ ಹೋಗ್ತೀಯೋ ಅಣಬೆಗೆ?" ಸಹಜವಾಗಿ ಕೇಳಿದ ಹಾಗೆ ಕೇಳಿದ. ಶನಿವಾರ ಅವನ ಅಂಗಡಿ ಮುಚ್ಚಿತ್ತು. ಸೋಮವಾರ ಅವನ ಬೂಟಿನ ತುಂಬ ಕಪ್ಪು ಮಣ್ಣು. ಇದಕ್ಕೆ ಸರ್ಕಮ್‌ಸ್ಟಾನ್ಶಿಯಲ್ ಎವಿಡೆನ್ಸ್ ಅನ್ನುತ್ತಾರೆ.

ನಿನ್ನ ಅಕ್ಕ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ಅವನೂ ನೋಡಲು ಬಂದಿದ್ದ. ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ನೀನು ಅಲ್ಲಿದ್ದೆಯಲ್ಲ. ಅವಳು ಅವನಿಗೆ ಏನಾದರೂ ಹೇಳಿದಳೇ? ನಿಜ ಹೇಳು. ಗೆಳೆಯ ಕದ್ದರೆ ತಡೆದುಕೊಳ್ಳುತ್ತೇನೆ, ಅವಳೇ ಕೊಟ್ಟಿದ್ದರೆ ಹೇಗೆ ತಡೆಯಲಿ?

ಭಾವ

ಪಿ.ಎಸ್.: ಬುಟ್ಟಿಯನ್ನು ಖಾಲಿ ತರಲು ಮನಸ್ಸಾಗದೆ ಮಾರ್ಕೆಟ್ಟಿನ ಎದುರು ಎರಡು ಬೀಟ್‌ರೂಟ್ ಕೊಂಡು ಹಾಕಿಕೊಂಡು ಬಂದೆ. ಅದನ್ನು ಏನು ಮಾಡುವುದು?


ಸೆಪ್ಟೆಂಬರ್ 24

ಭಾವನವರಿಗೆ,

ಅಕ್ಕ ಕನ್ನಡಕದವರಿಗೆ ಏನೂ ಹೇಳಲಿಲ್ಲ. ಅವರು ಬಂದಿದ್ದು ಐದು ನಿಮಿಷ, ಕಿತ್ತಳೆ ಹಣ್ಣು ಕೊಟ್ಟು ಹೋದರು. ಅಕ್ಕನ ಬಗ್ಗೆ ಹಾಗೆಲ್ಲ ಯೋಚಿಸಬೇಡಿ. ಯಾರನ್ನೂ ಏನೂ ಕೇಳಲು ಹೋಗಬೇಡಿ.

ಈ ಸಲ ಅಣಬೆ ತಡವಾಗಿರಬಹುದು. ಒಂದೊಂದು ಜಾಗದಲ್ಲಿ ಒಂದೊಂದು ಹೊತ್ತಿಗೆ ಏಳುತ್ತದೆ ಎಂದು ಅಕ್ಕ ಅನ್ನುತ್ತಿದ್ದಳು. ಅಕ್ಟೋಬರ್ ಆರು, ಭಾನುವಾರ, ಬೆಳಿಗ್ಗೆ ಇನ್ನೊಂದು ಸಲ ಹೋಗಿ ನೋಡಿ. ಅದಕ್ಕಿಂತ ಮೊದಲು ಬೇಡ.

ಬೀಟ್‌ರೂಟನ್ನು ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿದು ಬಿಲ್ಲೆ ಮಾಡಿ. ಉಪ್ಪು, ನಿಂಬೆರಸ, ಒಂದು ಚಮಚ ಎಣ್ಣೆ. ತಣ್ಣಗೆ ತಿನ್ನಿ. ಕೈ ಕೆಂಪಾದರೆ ಹೆದರಬೇಡಿ.

ಪುಟ್ಟಿ


ಅಕ್ಟೋಬರ್ 7, ಸೋಮವಾರ

ನನ್ನ ಮುದ್ದು ಪುಟ್ಟಿಗೆ,

ಹನ್ನೊಂದು ಸಿಕ್ಕಿತು. ಆ ಮರದ ಬುಡದಲ್ಲೇ, ಗೋಡೆಯ ನೆರಳಿನಲ್ಲಿ, ಎಲೆಯ ಅಡಿಯಲ್ಲಿ ಹನ್ನೊಂದು ಹಳದಿ ಅಣಬೆ. ಮುಟ್ಟಿದರೆ ಸಾಕು, ಮೊದಲಿನ ಹಾಗೆಯೇ ಕೈಗೆ ತಾನಾಗಿ ಬಂತು. ಅಲ್ಲೇ ಕುಳಿತು ಸ್ವಲ್ಪ ಹೊತ್ತು ಅತ್ತೆ. ನೋಡುವವರು ಯಾರೂ ಇರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವಳು ಹಿಂದಿನ ಸಂಜೆ ಬಂದು ಕಾಡಿನ ಮುಖ ನೋಡಿಕೊಂಡು ಹೋದಳೇನೋ ಅನ್ನಿಸಿತು.

ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಹುರಿದು, ಅಣಬೆಯನ್ನು ಕೊನೆಗೆ ಹಾಕಿ ಬಾಡಿಸಿದೆ. ಒಂಬತ್ತು ತಿಂಗಳ ಮೇಲೆ ಆ ರುಚಿ ಬಂತು. ಎರಡನ್ನು ಮಾತ್ರ ನಿನಗೆ ತೋರಿಸಲೆಂದು ಬೈಂಡಿಂಗ್ ನೂಲಿನಲ್ಲಿ ಪೋಣಿಸಿ ಕಿಟಕಿಗೆ ಕಟ್ಟಿದ್ದೇನೆ.

ಇನ್ನು ನೀನು ಬೇಡ ಅಂದಿದ್ದ ವಿಷಯ. ಹೋದ ವಾರವೇ ಕನ್ನಡಕನ ಅಂಗಡಿಗೆ ಹೋಗಿದ್ದೆ. ಒಳಗೆ ಇಬ್ಬರು ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದು ಕೇಳಿಯೇಬಿಟ್ಟೆ.

"ಆವತ್ತು ಶನಿವಾರ ಅಂಗಡಿ ಮುಚ್ಚಿ ಎಲ್ಲಿ ಹೋಗಿದ್ದೆ?"

"ಮನೇಲಿದ್ದೆ. ಬಚ್ಚಲ ಪೈಪು ಒಡೆದು ಹಿತ್ತಲೆಲ್ಲ ಕೆಸರಾಗಿತ್ತು. ಯಾಕೋ?"

"ಕೆಸರು ಹಿತ್ತಲದ್ದೋ, ಕಾಡಿನದ್ದೋ?"

ಅವನು ಗಾಜು ಒರೆಸುವುದನ್ನು ನಿಲ್ಲಿಸಿದ. "ನೇರ ಮಾತಾಡು."

"ನನ್ನ ಹೆಂಡ್ತಿ ಜಾಗದಿಂದ ಅಣಬೆ ಕದ್ದಿದ್ದೀಯ. ಸತ್ತವಳ ತಟ್ಟೆಗೆ ಕೈ ಹಾಕಿದ್ದೀಯ."

ಅವನು ಕೂಗಾಡಲಿಲ್ಲ. "ನಿನ್ನ ಕಣ್ಣಿಗೆ ಕನ್ನಡಕ ಹಾಕಿದೆ. ಬುದ್ಧಿಗೆ ಹಾಕೋ ವಿದ್ಯೆ ನನಗೆ ಗೊತ್ತಿಲ್ಲ ಕಣಯ್ಯಾ" ಅಂದ. ನಾನು ಅಲ್ಲೇ ಅವನು ಕೊಟ್ಟ ಹೊಸ ಕನ್ನಡಕ ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟು ಬಂದೆ. ಈಗ ಹಳೆಯದನ್ನು ಹಾಕಿಕೊಂಡಿದ್ದೇನೆ. ಎದುರಿನವರ ಮುಖ ಮಂಜು ಮಂಜು, ಆದರೆ ಮನಸ್ಸಿಗೆ ಎಲ್ಲ ಸ್ಪಷ್ಟ.

ನೋಡು, ನಾನು ಹೋಗಿ ಕೇಳಿದ ವಾರಕ್ಕೇ ಅಣಬೆ ಮತ್ತೆ ಬಂತು. ಕಳ್ಳ ಹೆದರಿ ಕೈಬಿಟ್ಟ. ಕೇಸ್ ಕ್ಲೋಸ್ಡ್. ಇಷ್ಟು ದಿನ ಅವನ ಜೊತೆ ಒಂದೇ ಬೆಂಚಿನಲ್ಲಿ ಕುಳಿತಿದ್ದೆನಲ್ಲ. ಇಲ್ಲಿ ನಾನು ನಂಬುವವಳು ಎಂದು ಉಳಿದಿರುವುದು ನೀನೊಬ್ಬಳೇ.

ಭಾವ

ಪಿ.ಎಸ್.: ದಿನಾಂಕ ಅಷ್ಟು ಸರಿಯಾಗಿ ಹೇಗೆ ಹೇಳಿದೆ? ನಿನಗೂ ಅಕ್ಕನ ಕಣ್ಣು ಬಂದಿದೆ.


ಅಕ್ಟೋಬರ್ 12

ಭಾವನವರಿಗೆ,

ಕನ್ನಡಕದವರ ಹತ್ತಿರ ಇವತ್ತೇ ಹೋಗಿ ಕ್ಷಮೆ ಕೇಳಿ. ಅವರು ಕದ್ದಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡಿ. ನನ್ನ ಮೇಲೆ ನಂಬಿಕೆ ಇದ್ದರೆ ಹೋಗಿ.

ಪುಟ್ಟಿ


ಅಕ್ಟೋಬರ್ 21, ಸೋಮವಾರ

ಪುಟ್ಟಿಗೆ,

ನಿನ್ನ ಮೂರು ಸಾಲಿನ ಕಾಗದ ಬಂತು. ಹೋಗಿ ಕ್ಷಮೆ ಕೇಳಲಿಲ್ಲ. ಕಾರಣ ಕೊಡದೆ ತೀರ್ಪು ಕೊಡಲು ನೀನೇನು ಹೈಕೋರ್ಟೇ ಎಂದು ಬೇಸರವಾಗಿತ್ತು.

ನಿನ್ನೆ ಭಾನುವಾರ ಇನ್ನೊಮ್ಮೆ ಕಾಡಿಗೆ ಹೋದೆ. ಹನ್ನೊಂದು ಬಂದ ಕಡೆ ಇನ್ನೆರಡಾದರೂ ಬಂದಿರಬಹುದು ಎಂಬ ಆಸೆ. ಅಣಬೆ ಇರಲಿಲ್ಲ. ಮರದ ಬೇರಿನ ಸಂದಿಯಲ್ಲಿ, ಎಲೆಯ ಕೆಳಗೆ, ಒಂದು ಕಾಗದ ಸಿಕ್ಕಿತು.

ಒದ್ದೆಯಾಗಿ ಅಂಟಿಕೊಂಡಿತ್ತು. ಒದ್ದೆ ಕಾಗದ ಬಿಡಿಸುವುದು ನನಗೆ ಕಷ್ಟವಲ್ಲ. ಮನೆಗೆ ತಂದು, ಎರಡು ಬಟ್ಟೆಯ ನಡುವೆ ಒತ್ತಿ, ಬೈಂಡಿಂಗಿಗೆ ಬಳಸುತ್ತಿದ್ದ ಮೂಳೆಯ ಕಡ್ಡಿಯಿಂದ ಮಡಿಕೆ ಬಿಡಿಸಿದೆ. ಉದ್ದಕ್ಕೆ ನಾಲ್ಕು ಮಡಿಕೆ. ಚಾಕುವಿಗೆ ಒರೆ ಮಾಡುವಾಗ ನೀವು ಅಕ್ಕತಂಗಿಯರು ಮಡಿಸುತ್ತಿದ್ದಿರಲ್ಲ, ಹಾಗೆ. ಬಾಲ್‌ಪೆನ್ನಿನ ಬರಹ. "ನೂರಿಪ್ಪತ್ತು ಹುಡುಗಿಯರ ಅಳತೆಯನ್ನು ಒಬ್ಬ ಮುದುಕನಿಗೆ ಇಳಿಸುವಾಗ." ಅಕ್ಷರ ನನ್ನದು. ಆಗಸ್ಟಿನಲ್ಲಿ ನಿನಗೆ ಬರೆದ ಕಾಗದದ ಹಾಳೆ.

ಮೊದಲು ಬಂದ ಯೋಚನೆ, ನೀನು ನನ್ನ ಕಾಗದವನ್ನು ಕನ್ನಡಕನಿಗೆ ಕೊಟ್ಟಿದ್ದೀಯ ಎಂದು. ಅಷ್ಟು ದೂರ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋದೆ. ನೂಲಿನಲ್ಲಿ ಕಟ್ಟಿದ ಎರಡು ಅಣಬೆ ಒಣಗಿ ಸುಕ್ಕಾಗಿದ್ದವು. ಹಳೇ ಕನ್ನಡಕದಲ್ಲಿ ಏನೂ ಕಾಣುವುದಿಲ್ಲವಲ್ಲ, ಬೆರಳಿನಿಂದ ಮುಟ್ಟಿ ನೋಡಿದೆ. ಕಾಂಡದ ಬುಡ ಚಪ್ಪಟೆ. ಕಟಿಂಗ್ ಮೆಷಿನ್ನಿನಲ್ಲಿ ಕತ್ತರಿಸಿದ ಪುಸ್ತಕದ ಅಂಚಿನಷ್ಟು ನೇರ. ನಾನು ಚಾಕು ಮುಟ್ಟಿರಲಿಲ್ಲ. ನೆಲದಿಂದ ಬಂದ ಅಣಬೆಯ ಬುಡದಲ್ಲಿ ಮಣ್ಣಿರಬೇಕು. ಇವುಗಳಲ್ಲಿ ಇರಲಿಲ್ಲ.

ಇಷ್ಟು ವರ್ಷ ನಾನು ಯಾಕೆ ನೋಡಲಿಲ್ಲ ಅಂದರೆ, ಮನೆಗೆ ತಂದ ಮೇಲೆ ಬುಟ್ಟಿ ಅವಳ ಕೈಗೆ. ಅಣಬೆ ಸ್ವಚ್ಛ ಮಾಡುವುದು ಯಾವಾಗಲೂ ಅವಳೇ. "ನೀವು ಆರ್ಸಿದ್ದೀರಲ್ಲ, ಕೂತ್ಕೊಳ್ಳಿ" ಅನ್ನುತ್ತಿದ್ದಳು.

ಮೂಗಿನ ಹತ್ತಿರ ಹಿಡಿದೆ. ಆ ವಾಸನೆ ಡಬ್ಬಿಯದು ಪುಟ್ಟಿ. ನೀನು ಹುಳ ಬಿದ್ದಿರುತ್ತದೆ ಅಂದೆ. ನಾನು ಸೋಪು ಹಾಕಿ, ಬಿಸಿನೀರು ಹಾಕಿ, ಎರಡು ಸಲ ತೊಳೆದೆ.

ಎರಡೇ ಪ್ರಶ್ನೆ. ಆ ಹನ್ನೊಂದು ಅಣಬೆಯನ್ನು ನೀನೇ ಅಲ್ಲಿ ಇಟ್ಟೆಯಾ? ಇಟ್ಟಿದ್ದರೆ, ನನ್ನ ಮನೆಗೆ ಇಷ್ಟು ಹತ್ತಿರ ಬಂದು, ಬಾಗಿಲು ತಟ್ಟದೆ ಹೋದೆಯಾ?

ಭಾವ

ಪಿ.ಎಸ್.: ಹಾಳೆಯನ್ನು ಒಣಗಿಸಿ ಇದರ ಜೊತೆ ಕಳಿಸಿದ್ದೇನೆ. ನಿನ್ನದು, ನಿನ್ನ ಹತ್ತಿರವೇ ಇರಲಿ.


ಅಕ್ಟೋಬರ್ 27

ಭಾವನವರಿಗೆ,

ಹೌದು, ನಾನೇ ಇಟ್ಟಿದ್ದು. ಚಾಕುವಿಗೆ ಸುತ್ತಿದ್ದ ಹಾಳೆ ಅಲ್ಲಿ ಬಿದ್ದದ್ದು ಗೊತ್ತಾಗಲಿಲ್ಲ. ನೀವು ಹೋಗುವ ಹಿಂದಿನ ದಿನ, ಶನಿವಾರ, ಮಧ್ಯಾಹ್ನದ ಬಸ್ಸಿಗೆ ಬಂದು, ಕೊನೆಯ ಬಸ್ಸಿಗೆ ಹೋದೆ. ಬಾಗಿಲು ತಟ್ಟಿದ್ದರೆ ನನ್ನ ಬುಟ್ಟಿ ನಿಮ್ಮ ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ಹನ್ನೊಂದಲ್ಲ, ನಾಲ್ಕು ಸೇರು ಇತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಓರೆ ಮರದ ಜಾಗ ಸತ್ತು ಹದಿನೇಳು ವರ್ಷವಾಯಿತು. ಲೈಬ್ರರಿಯ ಟೀ ಬಿಡುವಿನಲ್ಲಿ ದಿಕ್ಕು ಹೇಳಿದೆ, ಏನೂ ಆಗಲಿಲ್ಲ ಎಂದು ಬರೆದಿದ್ದೀರಿ. ಆ ವಾರವೇ ಅಕ್ಕ ಅಲ್ಲಿಗೆ ಹೋದಾಗ ಒಂಬತ್ತು ಜನರಿದ್ದರಂತೆ. ಇಬ್ಬರ ಹತ್ತಿರ ಕೈಕುಂಟೆ. ಎಲೆಯ ಹೊದಿಕೆಯನ್ನೆಲ್ಲ ಎಳೆದು ಗುಡ್ಡೆ ಹಾಕಿ, ಮಣ್ಣು ಕೆದಕಿ, ಚಿಕ್ಕದು ದೊಡ್ಡದು ನೋಡದೆ ಬೇರು ಸಮೇತ ಕಿತ್ತು ಚೀಲಕ್ಕೆ ತುಂಬುತ್ತಿದ್ದರಂತೆ. ಅದರಲ್ಲೊಬ್ಬ ಅಕ್ಕನನ್ನು ನೋಡಿ, "ಬನ್ನಿ ಅಮ್ಮಾ, ನಿಮ್ಮೆಜಮಾನ್ರೇ ಹೇಳಿದ್ದು. ನೀವೂ ಆರಿಸ್ಕೊಳ್ಳಿ" ಅಂದನಂತೆ. ನಮ್ಮಮ್ಮ ಅವಳಿಗೆ ತೋರಿಸಿಕೊಟ್ಟ ಜಾಗ ಅದು. ಆಮೇಲೆ ಅಲ್ಲಿ ಒಂದು ಅಣಬೆಯೂ ಏಳಲಿಲ್ಲ.

ಅಕ್ಕ ಮನೆಗೆ ಬಂದು ನಿಮಗೆ ಹುರುಳಿಕಾಯಿ ಮಾಡಿ ಬಡಿಸಿದಳು. ಏನೂ ಹೇಳಲಿಲ್ಲ. ಆ ವರ್ಷವೆಲ್ಲ ಹುಡುಕಿ ಬೇರೆ ಜಾಗ ಕಂಡುಕೊಂಡಳು. ಮರುವರ್ಷ ಸೀಸನ್ನಿಗೆ ನೀವು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಿರಂತೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೊಸ ಜಾಗ ತೋರಿಸಲು ಧೈರ್ಯ ಬರಲಿಲ್ಲ. ಹಿಂದಿನ ಸಂಜೆ ಹೋಗಿ, ಅಲ್ಲಿಂದ ತಂದದ್ದನ್ನು ಹಳೇ ಮರದ ಬುಡದಲ್ಲಿ ಎಲೆಯಡಿ ನೆಟ್ಟು ಬಂದಳು. ಒಂದು ವರ್ಷದ ಮಟ್ಟಿಗೆ ಎಂದು ಶುರು ಮಾಡಿದ್ದು.

ಒಮ್ಮೆ ನಾನು ಕೇಳಿದೆ. "ಇನ್ನೆಷ್ಟು ವರ್ಷ ಅಕ್ಕಾ ಈ ನಾಟಕ?"

"ಅವರಿಗೆ ಗೊತ್ತಾಗೋವರೆಗೆ."

"ಗೊತ್ತಾಗದೇ ಇದ್ರೆ?"

"ಪುಣ್ಯವಂತರು, ಕೈಗುಣ ಅಂದ್ಕೊಂಡಿರ್ತಾರೆ."

ನಾವಿಬ್ಬರೂ ನಕ್ಕಿದ್ದೇವೆ ಭಾವ. ಸುಳ್ಳು ಹೇಳುವುದಿಲ್ಲ. ನಿಮ್ಮ ಕೈಗುಣದ ಕಥೆ ಹೇಳಿಕೊಂಡು ಪ್ರತಿ ಅಕ್ಟೋಬರಿನಲ್ಲೂ ನಕ್ಕಿದ್ದೇವೆ. ತಂಗಿಯನ್ನು ನೋಡಿ ಬರುತ್ತೇನೆ ಎಂದು ಅವಳು ಇಲ್ಲಿಗೆ ಬರುತ್ತಿದ್ದದ್ದು ಅಣಬೆ ಒಣಗಿಸಲು, ನನ್ನ ಹಾಸ್ಟೆಲ್ಲಿನ ತಾರಸಿಯಲ್ಲಿ. ಒಣಗಿಸಿ, ಪುಡಿ ಮಾಡಿ, ಆ ಬಿಸ್ಕತ್ತಿನ ಡಬ್ಬಿಯಲ್ಲಿ ಒಯ್ಯುತ್ತಿದ್ದಳು. ಎಲೆಕೋಸಿಗೆ ಒಂದು ಚಿಟಿಕೆ, ಹುರುಳಿಕಾಯಿಗೆ ಒಂದು ಚಿಟಿಕೆ. ನಾನು ನಿಮಗೆ ಬರೆದ ಅಡುಗೆಗಳಲ್ಲೆಲ್ಲ ಬಿಟ್ಟದ್ದು ಅದೊಂದೇ.

ಆಸ್ಪತ್ರೆಯಲ್ಲಿ ಅವಳು ಹೇಳಿದ್ದು ಇಷ್ಟು. "ಜಾಗ ನೀನಿಟ್ಕೋ. ಅವರಿಗೆ ಹೇಳ್ಬೇಡ. ಹೇಳಿದ್ರೆ ಒಂದು ವಾರ ಅವರೊಬ್ಬರೇ ಸಂತೋಷಪಡ್ತಾರೆ, ಎರಡನೇ ವಾರ ಊರಿಗೆಲ್ಲ ಹಂಚ್ತಾರೆ." ಅವಳ ಮಾತು ಉಳಿಸಿದೆ. ಆದರೆ ಡಬ್ಬಿಯ ವಿಷಯ ಅವಳು ಹೇಳಿದ್ದಲ್ಲ. ಅದೇನೆಂದು ಗೊತ್ತಾದರೆ, ಒಂದು ಬುಟ್ಟಿ ಅಣಬೆಯಿಂದ ಇಷ್ಟು ದೊಡ್ಡ ಡಬ್ಬಿ ತುಂಬುವುದು ಹೇಗೆ ಎಂದು ನೀವು ಕೇಳುತ್ತಿದ್ದಿರಿ. ಕೇಳದಿರಲಿ ಎಂದು ತೊಳೆಸಿಬಿಟ್ಟೆ. ಅದು ನಾನೇ ಮಾಡಿದ್ದು. ಕನ್ನಡಕದವರ ಮೇಲೆ ನಿಮಗೆ ಅನುಮಾನ ಬಂದಾಗಲೂ ಬಾಯಿ ಮುಚ್ಚಿಕೊಂಡೆ. ನಾಲ್ಕು ಅಣಬೆ ಸಿಕ್ಕಿದರೆ ಸಮಾಧಾನವಾಗುತ್ತೀರಿ ಎಂದುಕೊಂಡೆ. ಅದೇ ಅವರ ಕುತ್ತಿಗೆಗೆ ಬರುತ್ತದೆ ಎಂದು ಹೊಳೆಯಲಿಲ್ಲ.

ಜೊತೆಯಲ್ಲಿ ಎರಡು ವಸ್ತು ಇದೆ. ಪೊಟ್ಟಣದಲ್ಲಿ ಈ ವರ್ಷ ನಾನು ಮಾಡಿದ ಪುಡಿ. ಅಂಟಿಸಿದ ಲಕೋಟೆಯಲ್ಲಿ ಹೊಸ ಜಾಗದ ದಾರಿ ಬರೆದಿದ್ದೇನೆ. ಅಕ್ಕನಿಗೆ ಕೊಟ್ಟ ಮಾತು ಮುರಿದಿದ್ದೇನೆ. ನಿಮ್ಮ ಹಕ್ಕು ಅದು, ತೆಗೆದುಕೊಳ್ಳಿ.

ಪುಟ್ಟಿ


ನವೆಂಬರ್ 10, ಭಾನುವಾರ

ಪುಟ್ಟಿಗೆ,

ನಿನ್ನ ಕಾಗದವನ್ನು ಹತ್ತು ದಿನ ಇಟ್ಟುಕೊಂಡಿದ್ದೆ.

ಆ ಒಂಬತ್ತು ಜನರ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಅವಳು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ತಪ್ಪು ನನ್ನದೇ. ಆದರೆ ಅವಳು ಬೈಯದೆ ಹುರುಳಿಕಾಯಿ ಬಡಿಸಿದಳು. ಅಂದಿನಿಂದ ಹದಿನೇಳು ವರ್ಷ ನಾನು ಈ ಮನೆಯಲ್ಲಿ ಒಬ್ಬನೇ ಇದ್ದೆ, ನನಗೆ ಅದು ಗೊತ್ತಿರಲಿಲ್ಲ. ಪ್ರತಿ ವರ್ಷ ಆ ಮರದ ಕೆಳಗೆ ಮಂಡಿಯೂರಿ ಎಲೆ ಸರಿಸುವಾಗ ತಿರುಗಿ ಅವಳ ಮುಖ ನೋಡುತ್ತಿದ್ದೆ. ನಗುತ್ತಿದ್ದಳು. ಆ ನಗು ನನ್ನ ಪಾಲಿಗೆ ಉಳಿದ ಆಸ್ತಿ ಎಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ನಿನಗೂ ಪಾಲಿತ್ತು.

ನಿಮ್ಮ ನಗುವನ್ನು ಎಂದಾದರೂ ಮರೆಯಬಹುದು. ಡಬ್ಬಿಯನ್ನು ಮರೆಯುವುದು ಆಗುವುದಿಲ್ಲ. ಅವಳ ಕೈ ಮುಟ್ಟಿದ್ದು ಎಂದು ಈ ಮನೆಯಲ್ಲಿ ತಿನ್ನಲು ಉಳಿದದ್ದು ಆ ನಾಲ್ಕು ಚಮಚ. ನನ್ನ ಕೈಯಿಂದಲೇ ಬಚ್ಚಲಿಗೆ ಹೋಯಿತು.

ಕನ್ನಡಕದ ಅಂಗಡಿಗೆ ಬುಧವಾರ ಹೋದೆ. ಗಿರಾಕಿಗಳು ಇದ್ದಾಗಲೇ ಹೋದೆ, ಅಂದಿದ್ದೂ ಗಿರಾಕಿಗಳ ಮುಂದೆಯೇ ಅಲ್ಲವೇ. "ನಾನು ಅಂದದ್ದು ಸುಳ್ಳು. ನೀನು ಕದ್ದಿಲ್ಲ. ನನ್ನದೇ ತಪ್ಪು" ಅಂದೆ.

"ಯಾರು ಅಂತ ಗೊತ್ತಾಯ್ತಾ ಹಾಗಾದ್ರೆ?" ಅಂತ ಕೇಳಿದ.

ಹೇಳಲು ಬಾಯಿ ತೆರೆದೆ. ಇಡೀ ಕಥೆ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವನು ಹೊಟ್ಟೆ ತುಂಬ ನಕ್ಕು ಬೆನ್ನಿಗೊಂದು ಗುದ್ದಿ, ಸಂಜೆ ಬೆಂಚಿಗೆ ಬರುತ್ತಿದ್ದ. ಆದರೆ ಹೇಳಿದರೆ ಇನ್ನೊಂದು ಜಾಗ ಇದೆ ಎಂದೂ ಹೇಳಬೇಕಾಗುತ್ತಿತ್ತು. ಇಬ್ಬರು ಗಿರಾಕಿಗಳು ಕಿವಿ ಕೊಟ್ಟು ನಿಂತಿದ್ದರು.

"ಯಾರೂ ಅಲ್ಲ" ಅಂದೆ.

"ಯಾರೂ ಅಲ್ಲ ಅಂದ್ರೆ?"

"ಅಷ್ಟೇ."

ಅವನು ನನ್ನನ್ನೇ ನೋಡಿದ. ಆಮೇಲೆ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಅಂದ. ಜೀವಮಾನದಲ್ಲಿ ಮೊದಲನೇ ಸಲ ಅವನ ಬಾಯಲ್ಲಿ ನನಗೆ ಬಹುವಚನ. ಹೊಸ ಗಿರಾಕಿಯ ಹಾಗೆ ಒಂದು ಕಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದ. ನಂಬರ್ ಬರೆದುಕೊಂಡ. "ಬರೋ ಬುಧವಾರ ಬನ್ನಿ" ಅಂದ. ಪಾರ್ಕಿನ ಬೆಂಚಿಗೆ ಅವನು ಈಗ ಬರುವುದಿಲ್ಲ.

ಪುಡಿಯ ಪೊಟ್ಟಣ ಹಿಂದಕ್ಕೆ ಕಳಿಸಿದ್ದೇನೆ. ನಿನ್ನ ಹುಡುಗಿಯರ ಅಡುಗೆಗೆ ಹಾಕು. ಡಬ್ಬಿಯಲ್ಲಿ ಗುಂಡಿಗಳಿವೆ, ಅಲ್ಲೇ ಇರಲಿ. ನಾನು ದಿನಾ ಎಲೆಕೋಸು ಮಾಡಿಕೊಳ್ಳುತ್ತೇನೆ. ಎಲೆಕೋಸಿನ ಹಾಗೆ ಇರುತ್ತದೆ.

ಲಕೋಟೆಯನ್ನೂ ಕಳಿಸಿದ್ದೇನೆ. ನಾನು ಅದನ್ನು ತೆರೆದಿಲ್ಲ. ಅಂಚು ಮುಟ್ಟಿ ನೋಡು, ನೀನು ಅಂಟಿಸಿದ ಹಾಗೆಯೇ ಇದೆ. ಆದರೆ ನಾನು ಬೈಂಡರ್. ಆವಿ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸಿದ್ದರೂ ಅದು ಹೀಗೆಯೇ ಇರುತ್ತಿತ್ತು, ನಿನಗೆ ಗೊತ್ತಾಗುತ್ತಿರಲಿಲ್ಲ. ಮುಂದಿನ ಸೆಪ್ಟೆಂಬರಿನಲ್ಲಿ ನೀನು ಆ ಜಾಗಕ್ಕೆ ಹೋಗುವಾಗ ಅಲ್ಲಿ ಯಾರಾದರೂ ಇರುತ್ತಾರೇನೋ ಎಂದು ನಿನಗೆ ಅನುಮಾನ ಬರಬಹುದು. ತೆರೆದಿಲ್ಲ ಎಂಬುದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅದನ್ನು ನಂಬಿಕೊಂಡೇ ಹೋಗಬೇಕು ನೀನು.

ಭಾವ